ಜೋಡಿ ಪಾಸು

ಅಥಣಿ ಪೇಟೆಯಲ್ಲಿ ದ್ರಾಕ್ಷಿ ಬೆಳೆಗೆ ಔಷಧಿ ಮಾರುವ ಅಂಗಡಿಯೊಂದಿದೆ. ಎರಡು ವರ್ಷದ ಹಿಂದೆ ಅಲ್ಲಿ ಗಿರಾಕಿಗಳಿಗೆಂದು ಚೀಟಿ ಎತ್ತಿದರು. ಮೊದಲ ಬಹುಮಾನ ಔಷಧಿ ಹೊಡೆಯುವ ಪಂಪು, ಎರಡನೆಯದು ಮಿಕ್ಸರ್. ಮೂರನೆಯದು ವಿಜಯಪುರ ನೋಡಿ ಬರುವ ಪಾಸು. ಗೋಳಗುಮ್ಮಟ, ಅಲ್ಲಿಯ ವಸ್ತುಸಂಗ್ರಹಾಲಯ, ಇಬ್ರಾಹಿಂ ರೋಜಾ, ಇನ್ನೂ ನಾಲ್ಕಾರು ಹಳೆಯ ಕಟ್ಟಡಗಳು, ಉಳಿದುಕೊಳ್ಳಲು ಒಂದು ಲಾಡ್ಜು, ಹೀಗೆ ಎರಡು ದಿನದ್ದು. ಆ ಮೂರನೆಯ ಬಹುಮಾನ ಈಶ್ವರನ ಹೆಸರಿಗೆ ಬಂತು.

ಹಳದಿ ರಟ್ಟಿನ ಸಣ್ಣ ಪುಸ್ತಕ ಅದು. ಮೇಲೆ ಗುಮ್ಮಟದ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ‘ದಂಪತಿಗಳಿಗೆ’ ಎಂದು ಬರೆದಿತ್ತು. ಅಂಗಡಿಯವರು ಅದನ್ನು ಗಟ್ಟಿಯಾಗಿ ಓದಿದಾಗ ಅಲ್ಲಿದ್ದವರೆಲ್ಲ ನಕ್ಕರು. ಈಶ್ವರನಿಗೆ ಲಗ್ನವಾಗಿಲ್ಲ ಎಂಬುದು ಆ ಕಡೆಯ ದ್ರಾಕ್ಷಿ ತೋಟದವರಿಗೆಲ್ಲ ಗೊತ್ತಿದ್ದ ಸಂಗತಿ.

‘ಲೇ ಈಶ್ವರಾ, ಪಾಸ್ ಮೊದಲ ಬಂತು ನೋಡು. ಹೆಣ್ಣ ಹಿಂದಿಂದ ಬರ್ತೈತಿ ಬಿಡು,’ ಎಂದ ಒಬ್ಬ.

ಈಶ್ವರನೂ ನಕ್ಕ. ಪುಸ್ತಕವನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಔಷಧಿ ಡಬ್ಬಿಗಳನ್ನು ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ ಬಂದ.

ಅವರ ಮನೆ ಐಗಳಿಯಿಂದ ಎರಡು ಮೈಲಿ ಒಳಗೆ, ತೋಟದಲ್ಲೇ ಇದೆ. ಅದರ ಪಕ್ಕದಲ್ಲಿಯೇ ತೋಟದ ಶಾಲೆ. ನಾನು ಅಲ್ಲಿ ಹದಿನಾಲ್ಕು ವರ್ಷದಿಂದ ಮಾಸ್ತರ. ಶಾಲೆಯ ನಲ್ಲಿಗೆ ನೀರು ಬಾರದ ದಿನ ಅವರ ಬಾವಿಯ ಪೈಪು ಇತ್ತ ಬರುತ್ತದೆ. ಹಾಗಾಗಿ ಈಶ್ವರನನ್ನು ನಾನು ದಿನಾ ನೋಡುತ್ತೇನೆ. ಆದರೆ ಅವನು ಈ ಪ್ರವಾಸದ ಮಾತನ್ನು ನನಗೆ ಹೇಳಿದ್ದು ಬಹಳ ತಡವಾಗಿ, ಅದೂ ಒಂದೇ ಸಲಕ್ಕಲ್ಲ. ಒಂದು ಸಂಜೆ ಒಂದಿಷ್ಟು, ತಿಂಗಳು ಬಿಟ್ಟು ಇನ್ನೊಂದಿಷ್ಟು.

ಆಗ ಅವನಿಗೆ ನಲವತ್ತಮೂರು. ಮನೆಯಲ್ಲಿ ಅಣ್ಣ ವಿರುಪಾಕ್ಷಪ್ಪ, ವೈನಿ ದಾನೇಶ್ವರಿ, ಅವರ ಮೂವರು ಮಕ್ಕಳು. ಮನೆಯಲ್ಲಿ ಅವನಿಗೆ ಯಾರೂ ಏನೂ ಕಡಿಮೆ ಮಾಡಿಲ್ಲ. ಬಿಸಿ ರೊಟ್ಟಿ ಮೊದಲು ಅವನ ತಾಟಿಗೇ ಬೀಳುತ್ತದೆ. ದ್ರಾಕ್ಷಿ ಬಳ್ಳಿಯ ಕೆಲಸದಲ್ಲಿ ಅವನಿಗೆ ಸರಿಸಾಟಿಯಾದವರು ಸುತ್ತಲೂ ಇಲ್ಲ. ಯಾವ ಕಡ್ಡಿ ಕತ್ತರಿಸಬೇಕು, ಯಾವುದನ್ನು ಬಿಡಬೇಕು ಎಂದು ದೊಡ್ಡ ದೊಡ್ಡವರು ಬಂದು ಕೇಳುತ್ತಾರೆ. ಆದರೂ ಜೋಡಿಯಾಗಿ ಬರುವುದೆಲ್ಲ ಆ ಮನೆಯಲ್ಲಿ ಅಣ್ಣ ವೈನಿಗೆ ಹೋಗುತ್ತಿತ್ತು. ಗೃಹಪ್ರವೇಶದಲ್ಲಿ ಕೊಡುವ ಆಯೇರಿ ಬಟ್ಟೆ, ಸತ್ಯನಾರಾಯಣ ಪೂಜೆಯ ಮಣೆ, ಲಗ್ನಪತ್ರಿಕೆಯ ಮೇಲಿನ ಹೆಸರು, ಎಲ್ಲವೂ. ಈಶ್ವರ ಪೂಜೆಗೆ ತೆಂಗಿನಕಾಯಿ ಸುಲಿದುಕೊಟ್ಟು ಹೊರಗೆ ಬಂದು ಚಪ್ಪಲಿಗಳ ಹತ್ತಿರ ನಿಲ್ಲುತ್ತಿದ್ದ.

ಹೆಣ್ಣು ನೋಡದೆ ಇರಲಿಲ್ಲ. ಹನ್ನೊಂದು ವರ್ಷ ನೋಡಿದರು. ರಾಯಬಾಗ, ಹಾರೂಗೇರಿ, ನಿಪ್ಪಾಣಿ, ಗಡಿ ದಾಟಿ ಜತ್ತದ ತನಕ. ಎಲ್ಲ ಕಡೆ ಒಂದೇ ಮಾತು. ತೋಟ ಚಲೋ ಐತಿ, ಹುಡುಗ ಚಲೋ ಅದಾನ, ಆದ್ರ ನೌಕರಿ ಇಲ್ಲಲ್ಲ. ಕಡೆಯ ಬಾರಿ ಹೋದದ್ದು ಕಾಗವಾಡದ ಕಡೆಯ ಒಂದು ಮನೆಗೆ. ಹುಡುಗಿಯ ಹೆಸರು ಸರಿತಾ, ಮೂವತ್ತರ ಮೇಲಾಗಿತ್ತು, ಆಸ್ಪತ್ರೆಯೊಂದರಲ್ಲಿ ನರ್ಸು. ಹಿರಿಯರು ಚಹಾ ಕುಡಿಯುತ್ತಿದ್ದಾಗ ಅವಳು ನೇರವಾಗಿ ಅವನನ್ನೇ ಕೇಳಿದಳು.

‘ನೀವು ಏನೇನ ನೋಡೀರಿ?’

‘ಅಂದ್ರ?’

‘ಅಂದ್ರ, ಊರ ಬಿಟ್ಟು ಹೊರಗ. ಏನರೆ ನೋಡಾಕಂತ ಎಲ್ಲೆರೆ ಹೋಗೀರೇನು?’

ಈಶ್ವರ ಯೋಚಿಸಿ ಹೇಳಿದ. ‘ಸಾಂಗ್ಲಿ ಪೇಟಿ ನೋಡೇನ್ರಿ. ತಾಸಗಾಂವ ನೋಡೇನಿ. ದ್ರಾಕ್ಷಿ ಒಣಗಿಸಿ ಮಣೂಕ ಮಾಡಿ ಒಯ್ತೀವಲ್ಲ. ಪಂಢರಪುರಕ್ಕ ಒಮ್ಮೆ ಹೋಗಿದ್ದೆ.’

ಅವಳು ನಗಲಿಲ್ಲ. ತಲೆಯಾಡಿಸಿದಳು ಅಷ್ಟೆ. ಎರಡು ದಿನದ ಮೇಲೆ ಫೋನಿನಲ್ಲಿ ಬೇಡವೆಂದು ತಿಳಿಸಿದರು. ಬೇಡವೆಂದದ್ದು ಈಶ್ವರನಿಗೆ ಹೊಸದಲ್ಲ. ಆ ಪ್ರಶ್ನೆ ಮಾತ್ರ ಅವನಲ್ಲಿ ಉಳಿಯಿತು. ಐವತ್ತು ಕಿಲೋಮೀಟರ್ ದೂರದ ಗೋಳಗುಮ್ಮಟವನ್ನು ಅವನು ವಿಜಯಪುರದ ಪೇಟೆಗೆ ಮಾಲು ಒಯ್ಯುವಾಗ ಟೆಂಪೋದ ಕಿಟಕಿಯಿಂದ ನೂರು ಸಲ ನೋಡಿದ್ದ. ಒಮ್ಮೆಯೂ ಇಳಿದಿರಲಿಲ್ಲ. ಅದಾದ ಮೇಲೆ ಹೆಣ್ಣು ನೋಡುವುದನ್ನೇ ಬಿಟ್ಟ.

ಪಾಸು ಬಂದ ದಿನ ಊಟಕ್ಕೆ ಕುಳಿತಾಗ ದಾನೇಶ್ವರಿ ಅದನ್ನು ತಿರುವಿ ನೋಡಿದಳು.

‘ಈಶ್ವರಾ, ನಮಗ ಕೊಡಪಾ ಇದನ್ನ. ನಿಮ್ಮಣ್ಣ ಲಗ್ನ ಆದಾಗಿಂದ ಎಲ್ಲೂ ಕರಕೊಂಡ ಹೋಗಿಲ್ಲ. ನೀ ಒಬ್ಬನ ಇದನ್ನ ತಗೊಂಡ ಏನ ಮಾಡ್ತಿ?’

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬೇರೆ ಯಾವ ದಿನವಾದರೂ ಅವನು ಕೊಟ್ಟುಬಿಡುತ್ತಿದ್ದ. ಅಂದು ಕೈ ಚಾಚಿ ಪುಸ್ತಕವನ್ನು ವಾಪಸು ತೆಗೆದುಕೊಂಡ. ‘ಇಲ್ಲ ವೈನಿ. ನಾ ಹೋಗ್ತೀನಿ,’ ಎಂದ. ಅಣ್ಣ ತಾಟಿನಿಂದ ತಲೆ ಎತ್ತಿ ನೋಡಿದ. ವೈನಿ ಎದ್ದು ಒಳಗೆ ಹೋದಳು. ಆ ದಿನ ಮಜ್ಜಿಗೆಯನ್ನು ಹಿರಿಯ ಮಗಳು ತಂದು ಬಡಿಸಿದಳು.

ಶ್ರಾವಣದಲ್ಲಿ ತೋಟದ ಕೆಲಸ ಕಡಿಮೆ. ಆ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಅವನು ಐಗಳಿ ಕ್ರಾಸಿನಲ್ಲಿ ವಿಜಯಪುರದ ಬಸ್ಸು ಹತ್ತಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೊಂದು ಚೀಲ. ಬಸ್ಸಿನ ತುಂಬ ಹೆಣ್ಣುಮಕ್ಕಳು. ಸರಕಾರ ಅವರಿಗೆ ಬಸ್ಸು ಪುಕ್ಕಟೆ ಮಾಡಿದ್ದಕ್ಕೆ ಊರೂರಿನಿಂದ ದೇವರಿಗೆ ಹೊರಟವರು. ತಿಕೋಟಾದವರೆಗೆ ಅವನು ನಿಂತೇ ಹೋದ.

ಪಾಸು ಕೊಟ್ಟಿದ್ದ ಪ್ರವಾಸ ಕಂಪನಿಯ ಆಫೀಸು ವಿಜಯಪುರದ ಬಸ್ ಸ್ಟ್ಯಾಂಡಿನ ಎದುರಿಗೇ ಇತ್ತು. ಮೇಜಿನ ಹಿಂದಿದ್ದ ಹೆಂಗಸು ಪುಸ್ತಕ ತೆರೆದು, ಮೊದಲ ಹಾಳೆಯನ್ನು ಅವನತ್ತ ತಿರುಗಿಸಿದಳು.

‘ಇಲ್ಲಿ ಇಬ್ಬರ ಹೆಸರೂ ಬರೀರಿ. ಮನಿಯವ್ರ ಎಲ್ಲಿ?’

ಒಬ್ಬನೇ ಬಂದಿದ್ದೇನೆ ಎನ್ನಬೇಕೆಂದು ಅವನು ಬಸ್ಸಿನಲ್ಲೇ ಅಂದುಕೊಂಡಿದ್ದ. ಬಾಯಿಗೆ ಬಂದದ್ದು ಬೇರೆ. ‘ಹಿಂದಿನ ಬಸ್ಸಿಗೆ ಬರಾಕತ್ತಾಳ್ರಿ.’

‘ಆಯ್ತು. ಹೆಸರ ಬರೀರಿ.’

ಪೆನ್ನು ಹಿಡಿದು ಈಶ್ವರ ಕುಳಿತ. ತನ್ನ ಹೆಸರು ಬರೆದ. ಕೆಳಗಿನ ಗೆರೆಯ ಮೇಲೆ ಪೆನ್ನು ನಿಂತಿತು. ಆಫೀಸಿನ ಬಾಗಿಲಲ್ಲಿ ಹೂ ಮಾರುವವಳೊಬ್ಬಳು ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು, ಬುಟ್ಟಿಯ ತುಂಬ ಹಳದಿ ಸೇವಂತಿಗೆ. ಅವನು ‘ಶೇವಂತಾ’ ಎಂದು ಬರೆದ. ಆ ಹೆಂಗಸು ಓದಿ, ಠಸ್ಸೆ ಹೊಡೆದು ಕೊಟ್ಟಳು.

‘ನಾನ ಬರೆದ ಅಕ್ಷರಾ ನೋಡಿ ನನಗ ಹೆದರಿಕಿ ಆತ್ರಿ ಮಾಸ್ತರ,’ ಎಂದು ನನಗೆ ಹೇಳಿದ್ದ. ‘ಖರೇವಂದ್ರ ಯಾರೋ ಒಬ್ಬಾಕಿ ಇದ್ದಂಗ ಅನಿಸ್ತು.’

ಗೋಳಗುಮ್ಮಟದ ಆವಾರದಲ್ಲಿ ಮೊದಲು ಸಿಗುವುದು ವಸ್ತುಸಂಗ್ರಹಾಲಯ. ಬಾಗಿಲಲ್ಲಿದ್ದ ಕಾವಲುಗಾರ ನರೆಗೂದಲಿನ ಮನುಷ್ಯ. ಪುಸ್ತಕ ನೋಡಿ ಎರಡು ಚೀಟಿ ಹರಿಯಲು ಹೊರಟವನು ಸುತ್ತ ನೋಡಿದ.

‘ಶೇವಂತಾಬಾಯಿ ಎಲ್ಲೆದಾರ್ರಿ?’

‘ಹೊರಗ ಕುಂತಾಳ್ರಿ. ಮೊಣಕಾಲ ನೋವು.’

‘ಅಯ್ಯ, ಪಾಪ. ಆಕಿ ಚೀಟಿ ಇರಲಿ ಬಿಡ್ರಿ, ಆಮ್ಯಾಲೆ ಬರವಲ್ರ್ಯಾಕ.’ ಕಾವಲುಗಾರ ಒಂದನ್ನೇ ಹರಿದ.

ಒಳಗೆ ತಂಪಾಗಿತ್ತು. ಜನ ಇರಲಿಲ್ಲ. ಗಾಜಿನ ಹಿಂದೆ ಚೀನಾದ ಪಿಂಗಾಣಿ, ಮೂಲೆಗಳು ಸವೆದ ದೊಡ್ಡ ಜಮಖಾನೆ, ಕತ್ತಿಗಳು, ಮಸಿ ಮಾಸದ ಹಳೆಯ ಪುಸ್ತಕಗಳು. ಕೆಳಗಿನ ಕೋಣೆಯಲ್ಲಿ ಕಲ್ಲುಗಳು. ಹಳೆಗನ್ನಡದ ಶಾಸನವೊಂದರ ಮುಂದೆ ನಿಂತು ಅವನು ಅಕ್ಷರ ಕೂಡಿಸಿ ಓದಲು ನೋಡಿದ. ‘ಮ’ ಒಂದು ಗುರುತು ಸಿಕ್ಕಿತು, ಉಳಿದದ್ದು ಸಿಗಲಿಲ್ಲ. ಅದರ ಪಕ್ಕ ಒಂದು ವೀರಗಲ್ಲು. ಕೆಳಗೆ ಒಬ್ಬ ದನಗಳಿಗಾಗಿ ಕಾದಾಡುತ್ತಿದ್ದಾನೆ. ನಡುವೆ ಸತ್ತವನನ್ನು ಇಬ್ಬರು ಹೆಂಗಸರು ಆಚೀಚೆ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಈಶ್ವರ ಅದರ ಮುಂದೆ ಬಹಳ ಹೊತ್ತು ನಿಂತ. ‘ಇದನ್ನ ನೋಡ್ರಿ’ ಎಂದು ಪಕ್ಕಕ್ಕೆ ತಿರುಗಿ ಯಾರಿಗಾದರೂ ತೋರಿಸಬೇಕು ಎನಿಸಿತಂತೆ. ತಿರುಗಿಯೂ ಬಿಟ್ಟ. ಪಕ್ಕದಲ್ಲಿ ಗೋಡೆಯಿತ್ತು.

ಹೊರಗೆ ಬರುವಾಗ ಕಾವಲುಗಾರ ಅವನನ್ನು ನಿಲ್ಲಿಸಿ, ತನ್ನ ಮಡಕೆಯಿಂದ ತುಂಬಿಸಿದ ನೀರಿನ ಬಾಟಲಿ ಕೊಟ್ಟ. ‘ಬಿಸಲಾಗ ಕುಂತಿರಬೇಕು. ನಿಮ್ಮ ಮನಿಯವ್ರಿಗೆ ಕೊಡ್ರಿ.’

ಈಶ್ವರ ಬಾಟಲಿ ಹಿಡಿದುಕೊಂಡು ಬಯಲಿಗೆ ಬಂದ. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು. ಕಾವಲುಗಾರ ಬಾಗಿಲಲ್ಲಿ ನಿಂತು ನೋಡುತ್ತಿದ್ದಾನೆಂದು ಬೆನ್ನಿಗೇ ತಿಳಿಯುತ್ತಿತ್ತು. ನೀರನ್ನು ತಾನು ಕುಡಿಯುವಂತಿಲ್ಲ, ಚೆಲ್ಲುವಂತಿಲ್ಲ. ಹುಲ್ಲಿನ ಅಂಚಿನಲ್ಲಿ ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಕುಳಿತಿದ್ದಳು. ಸುತ್ತಲೂ ಹತ್ತು ಹನ್ನೆರಡು ಕೈಚೀಲಗಳು, ನಡುವೆ ಅವಳು. ಅವನು ನೇರ ಅವಳ ಹತ್ತಿರ ಹೋಗಿ ಬಾಟಲಿ ಚಾಚಿದ.

‘ಅವ್ವಾ, ನೀರ ಕುಡೀರಿ.’

ಅವಳು ಬೇಡವೆನ್ನಲಿಲ್ಲ. ಬಾಯಿ ಮೇಲೆತ್ತಿ ಅರ್ಧ ಬಾಟಲಿ ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ‘ದೇವರ ಚಲೋ ಮಾಡ್ಲಿ ನಿನಗ. ಮುಂಜಾನಿಂದ ಬಾಯಿ ಒಣಗಿತ್ತು. ಚೀಲ ಬಿಟ್ಟ ಏಳಾಕ ಬರಂಗಿಲ್ಲ.’

ಅವಳ ಹೆಸರು ಭೀಮಾಬಾಯಿ. ಮುಗಳಖೋಡದವಳು, ಕುರಿಗಾರರ ಮನೆಯವಳು. ಓಣಿಯ ಹೆಣ್ಣುಮಕ್ಕಳ ಸಂಘದವರು ಕೂಡಿ ಬಂದಿದ್ದರು. ಅವರೆಲ್ಲ ಗುಮ್ಮಟ ನೋಡಿ, ಹಾಗೇ ಪೇಟೆಗೆ ಹೋಗಿದ್ದರು. ಅವಳನ್ನು ಚೀಲ ಕಾಯಲು ಕೂರಿಸಿದ್ದರು.

‘ನೀವು ನೋಡಲಿಲ್ಲೇನು?’

‘ಹೋದ ವರ್ಷ ಬದಾಮಿಗೆ ಹೋದಾಗೂ ಚೀಲ ಕಾದೀನಿ. ಅದರ ಹಿಂದಿನ ವರ್ಷ ಕೊಲ್ಲಾಪುರದಾಗೂ.’ ಅವಳು ನಕ್ಕಳು. ‘ಮುದಕಿಗೆ ಹತ್ತಾಕ ಆಗಂಗಿಲ್ಲ ಅಂತ ಅವರ ತಿಳಕೊಂಡಾರ. ನಾ ಇಲ್ಲ ಅನ್ನಾಕ ಹೋಗಿಲ್ಲ. ಕುರಿ ಹಿಂದ ಘಾಟ ಹತ್ತಿ ಇಳದ ಕಾಲು ಇವು.’

ಈಶ್ವರ ಅವಳ ಪಕ್ಕದಲ್ಲೇ ಕುಳಿತ. ಪುಸ್ತಕ ತೆಗೆದ. ‘ನನ್ನ ಹತ್ತರ ಒಬ್ಬರ ಪಾಸ್ ಹೆಚ್ಚಿಗಿ ಐತ್ರಿ. ಬರ್ತೀರೇನು?’

‘ಮತ್ತ ಚೀಲ?’

ಚೀಲಗಳನ್ನು ಕಾವಲುಗಾರ ಇಟ್ಟುಕೊಂಡ. ಇಬ್ಬರೂ ಎರಡೆರಡು ಬಾರಿ ಹೊತ್ತು ತಂದು ಅವನ ಕುರ್ಚಿಯ ಹಿಂದೆ ಸಾಲಾಗಿ ಇಟ್ಟರು. ಅವನು ಭೀಮಾಬಾಯಿಯನ್ನು ನೋಡಿದ, ಈಶ್ವರನನ್ನು ನೋಡಿದ, ಚೀಲಗಳನ್ನು ಎಣಿಸಿ ತಲೆಯಾಡಿಸಿದ. ಆದರೆ ಗುಮ್ಮಟದ ಬಾಗಿಲಲ್ಲಿ ಚೀಟಿ ಹರಿಯುವವನು ಬಿಡಲಿಲ್ಲ.

‘ಇದು ಗಂಡ ಹೆಂಡ್ತಿ ಪಾಸೈತಿ. ಶೇವಂತಾ ಯಾರು?’

ಈಶ್ವರ ಬಾಯಿ ತೆರೆಯುವ ಮೊದಲೇ ಭೀಮಾಬಾಯಿ ಮುಂದೆ ಬಂದಳು. ‘ನನ್ನ ಸೊಸಿ. ಬಸ್ಸಿನ್ಯಾಗ ವಾಂತಿ ಮಾಡ್ಕೊಂಡ ಮಲಗ್ಯಾಳ. ನಾ ಇವನ ದೊಡ್ಡವ್ವ. ಆಕಿ ಬದ್ಲಿ ನಾ ನೋಡಿದ್ರ ನಿನ್ನ ಗುಮ್ಮಟ ಸವೀತೈತೇನಪಾ?’

ಅವನು ನಕ್ಕು ಎರಡು ಚೀಟಿ ಹರಿದ.

ಮೆಟ್ಟಿಲು ಕಿರಿದು, ಕಡಿದು, ನಡುನಡುವೆ ಕತ್ತಲೆ. ಏಳು ಅಂತಸ್ತು. ಮೂರನೆಯದಕ್ಕೇ ಈಶ್ವರ ಉಸಿರು ಬಿಡುತ್ತಿದ್ದ. ಭೀಮಾಬಾಯಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಮುಂದೆ ಮುಂದೆ ಹೋಗುತ್ತಿದ್ದಳು. ಮೇಲೆ ಗುಮ್ಮಟದೊಳಗಿನ ಸುತ್ತುಪಡಸಾಲೆಗೆ ಕಾಲಿಟ್ಟಾಗ ಶಾಲೆಯ ಮಕ್ಕಳ ದೊಡ್ಡ ಗುಂಪೊಂದು ಕಿರುಚಾಡಿ ಮುಗಿಸಿ ಇಳಿಯುತ್ತಿತ್ತು. ಅವರ ಗದ್ದಲ ಮೆಟ್ಟಿಲಲ್ಲಿ ಇಳಿದು ಇಳಿದು ಸಣ್ಣದಾಯಿತು. ಆ ಮೇಲೆ ಪಾರಿವಾಳದ ರೆಕ್ಕೆಯ ಸದ್ದೊಂದೇ ಉಳಿಯಿತು.

ಅಲ್ಲಿದ್ದ ಸಿಬ್ಬಂದಿಯವನು ಹೇಳಿಕೊಟ್ಟ. ಒಬ್ಬರು ಈ ಕಡೆ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡಬೇಕು, ಇನ್ನೊಬ್ಬರು ಎದುರು ಕಡೆ ಗೋಡೆಗೆ ಕಿವಿ ಕೊಡಬೇಕು. ಒಬ್ಬರೇ ಬಂದರೆ ಅದರ ಮಜಾ ತಿಳಿಯುವುದಿಲ್ಲ ಎಂದೂ ಹೇಳಿದ.

ಭೀಮಾಬಾಯಿ ಸುತ್ತು ಹಾಕಿ ಎದುರು ಬದಿಗೆ ಹೋಗಿ ಕುಳಿತಳು. ಅಷ್ಟು ದೂರದಿಂದ ಅವಳು ಹಸಿರು ಸೀರೆಯ ಒಂದು ಗಂಟಿನಂತೆ ಕಾಣುತ್ತಿದ್ದಳು. ನಡುವೆ ಆಳದಲ್ಲಿ ಗೋರಿಗಳು. ಈಶ್ವರ ಗೋಡೆಗೆ ಮುಖ ಮಾಡಿ ಕುಳಿತ.

‘ಅವ್ವಾ, ಕೇಳ್ತೈತೇನು?’

ಗೋಡೆಯೊಳಗಿಂದಲೇ ಎಂಬಂತೆ, ಕಿವಿಯ ಹತ್ತಿರವೇ, ಅವಳ ದನಿ ಬಂತು. ‘ಕೇಳ್ತೈತಿ. ಹೇಳು.’

ಮುಂದೆ ಯಾರ ಮುಖವೂ ಇರಲಿಲ್ಲ, ಸುಣ್ಣದ ಗೋಡೆ ಅಷ್ಟೆ. ಆಮೇಲೆ ತಾನು ಹೇಳುತ್ತಿದ್ದೇನೆ ಎಂಬುದು ಗೊತ್ತಾಗುವ ಮೊದಲೇ ಹೇಳಿದ.

‘ಶೇವಂತಾ ಅನ್ನಾಕಿ ಯಾರೂ ಇಲ್ರಿ ಅವ್ವಾ. ನನಗ ಲಗ್ನಾ ಆಗಿಲ್ಲ. ನಾ ಒಬ್ಬನ ಬಂದೇನಿ.’

ಅವನು ಹೊರಳಿ ನೋಡಲಿಲ್ಲ.

‘ನನಗ ಗೊತ್ತಾಗೇತಿ,’ ಎಂದಿತು ಗೋಡೆ. ‘ಹೆಂಡ್ತಿನ ಹಿಂದ ಬಿಟ್ಟ ಬಂದಾಂವ ಒಮ್ಮೆರೆ ಹೊರಳಿ ನೋಡ್ತಾನ. ನೀ ನೋಡಲಿಲ್ಲ.’

ಈಶ್ವರ ಹಣೆಯನ್ನು ಗೋಡೆಗೆ ಆನಿಸಿದ. ಅಳು ಬರಲಿಲ್ಲವಂತೆ. ಅವಳೇ ಮತ್ತೆ ಮಾತಾಡಿದಳು.

‘ನನ್ನ ಗಂಡ ಬೀರದೇವ ಹೋಗಿ ಹನ್ನೆರಡ ವರ್ಷ ಆತು. ಇಬ್ಬರೂ ಕುರಿ ಹೊಡಕೊಂಡ ಕೊಲ್ಲಾಪುರದಾಚೆ ಘಾಟಿಗೆ ಹೋಗ್ತಿದ್ವಿ. ಆಂವ ಆ ಗುಡ್ಡದಾಗ, ನಾ ಈ ಗುಡ್ಡದಾಗ. ಸಂಜಿಮುಂದ ಒಬ್ಬರಿಗೊಬ್ಬರು ಕೂಗ್ತಿದ್ವಿ. ಮಾತಲ್ಲ, ಬರೇ ಕೂಗು. ಅದಾನ ಅಂತ ತಿಳಿಲಿ ಅಂತ. ಈಗ ಮನ್ಯಾಗ ಮಗ ಅದಾನ, ಸೊಸಿ ಅದಾಳ, ಎಲ್ಲಾ ಚಲೋ ಐತಿ. ಕೂಗಾಕ ಯಾರೂ ಇಲ್ಲ.’

‘ಇಲ್ಲಿ ಕೂಗ್ರಿ ಅವ್ವಾ.’

‘ಬೈತಾರ.’

‘ಬೈಲಿ.’

ಆಗ ಭೀಮಾಬಾಯಿ ಎದ್ದು ನಿಂತಳು. ಕೈಯನ್ನು ಬಾಯಿಯ ಪಕ್ಕಕ್ಕೆ ತಂದು, ಕುರಿಗಾರರು ಬೆಟ್ಟದಿಂದ ಬೆಟ್ಟಕ್ಕೆ ಕೂಗುವ ಕೂಗು ಹಾಕಿದಳು. ಉದ್ದನೆಯದು, ತುದಿಯಲ್ಲಿ ಮೇಲಕ್ಕೇರುವಂಥದ್ದು. ಗುಮ್ಮಟ ಅದನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ಕೊಟ್ಟಿತು. ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಈಶ್ವರ ಎಣಿಸಿದ, ಏಳು ಸಲ ಕೇಳಿತು, ಎಂಟನೆಯದು ಕೇಳಿದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಸಿಬ್ಬಂದಿಯವನು ಏನೋ ಹೇಳಲು ಬಂದವನು ಅರ್ಧದಲ್ಲೇ ನಿಂತ. ಭೀಮಾಬಾಯಿ ಕಡೆಯ ಸದ್ದು ಅಡಗುವವರೆಗೆ ತಲೆ ವಾರೆ ಮಾಡಿ ಕೇಳುತ್ತ ನಿಂತಿದ್ದಳು. ಮತ್ತೆ ಕೂಗಲಿಲ್ಲ.

ಕೆಳಗೆ ಬಂದಾಗ ಸಂಘದ ಹೆಣ್ಣುಮಕ್ಕಳು ಮರದ ಕೆಳಗೆ ಗದ್ದಲ ಎಬ್ಬಿಸಿದ್ದರು. ‘ಚೀಲ ಬಿಟ್ಟ ಎಲ್ಲಿ ಹೋಗಿದ್ದಿ ಬೇ? ಕಳುವ ಆಗಿದ್ರ?’ ಎಂದು ಅವರ ಮುಂದಾಳು ಅಕ್ಕುತಾಯಿ ಗದರಿದಳು. ಭೀಮಾಬಾಯಿ ಕಾವಲುಗಾರನ ಕುರ್ಚಿಯ ಹಿಂದಿನಿಂದ ಎಲ್ಲರ ಚೀಲಗಳನ್ನು ಎತ್ತಿ ಎತ್ತಿ ಕೊಟ್ಟಳು. ಬಸ್ಸಿನ ಹೊತ್ತಾಗಿತ್ತು. ಗೇಟಿನ ಹತ್ತಿರ ಅವಳು ಒಮ್ಮೆ ಹೊರಳಿ ನೋಡಿದಳು. ಅಷ್ಟರಲ್ಲಿ ಯಾರೋ ಅವಳ ತೋಳು ಹಿಡಿದು ಆಟೋದೊಳಗೆ ಎಳೆದುಕೊಂಡರು. ಫೋನ್ ನಂಬರು ಕೇಳಬೇಕಿತ್ತು ಎಂಬುದು ಆಟೋ ಹೋದಮೇಲೆ ಈಶ್ವರನಿಗೆ ಹೊಳೆಯಿತು.

ಸಂಜೆ ಪಾಸಿನಲ್ಲಿದ್ದ ಲಾಡ್ಜಿಗೆ ಹೋದ. ಎರಡು ದಿಂಬು, ಎರಡು ಟವೆಲ್ಲು, ಎರಡು ಸಣ್ಣ ಸಾಬೂನು. ಅವನು ಒಂದು ದಿಂಬನ್ನು ಎತ್ತಿ ಕಪಾಟಿನಲ್ಲಿಟ್ಟು ಮಲಗಿದ.

ಮರುದಿನ ಇಬ್ರಾಹಿಂ ರೋಜಾದ ಬಾಗಿಲಲ್ಲಿ ಮತ್ತದೇ ಪ್ರಶ್ನೆ. ‘ಇನ್ನೊಬ್ಬರ ಎಲ್ಲಿ?’

‘ಇಲ್ರಿ. ನಾ ಒಬ್ಬನ ಅದೇನಿ,’ ಎಂದ ಈಶ್ವರ.

ಆ ಮನುಷ್ಯ ಒಂದು ಚೀಟಿ ಹರಿದು ಪುಸ್ತಕ ವಾಪಸು ಕೊಟ್ಟ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಇಷ್ಟೇ ಇತ್ತಲ್ಲ ಎಂದು ಈಶ್ವರನಿಗೆ ಆಶ್ಚರ್ಯವಾಯಿತು. ಆ ದಿನ ಅವನು ರೋಜಾದ ಕಟ್ಟೆಯ ಮೇಲೆ ಎರಡು ತಾಸು ಕುಳಿತಿದ್ದ. ಕಲ್ಲಿನಲ್ಲಿ ಕೊರೆದ ಅಕ್ಷರಗಳ ಜಾಲರಿಯಿಂದ ಬಿಸಿಲು ಒಳಗೆ ಬಂದು ನೆಲದ ಮೇಲೆ ಸರಿಯುತ್ತಿತ್ತು. ಬುರುಜಿನ ಮೇಲಿನ ದೊಡ್ಡ ತೋಪನ್ನು ನೋಡಿದ. ಕಮಾನುಗಳನ್ನಷ್ಟೇ ಎಬ್ಬಿಸಿ ಮೇಲೆ ಗುಮ್ಮಟ ಕಟ್ಟದೆ ಬಿಟ್ಟ ಬಾರಾ ಕಮಾನನ್ನೂ ನೋಡಿದ. ‘ಎಲ್ಲಾಕಿಂತ ಅದ ಬಹಳ ಚಂದ ಐತ್ರಿ ಮಾಸ್ತರ,’ ಎಂದಿದ್ದ ನನಗೆ.

ಮನೆಗೆ ಬಂದಾಗ ವೈನಿ ಮುನಿಸಿಟ್ಟುಕೊಂಡಿರಲಿಲ್ಲ. ‘ಹೆಂಗಿತ್ತಪಾ?’ ಎಂದಳು. ‘ಚಲೋ ಇತ್ತು ವೈನಿ. ನೀವೂ ಅಣ್ಣಾನೂ ಹೋಗಿ ಬರ್ರಿ, ಮನಿ ನಾ ನೋಡ್ಕೊತೀನಿ,’ ಎಂದ. ಅವರು ಹೋಗಲಿಲ್ಲ. ಬೀಗರ ಮನೆಯ ಲಗ್ನ ಬಂತು, ಆಮೇಲೆ ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸುವ ಕೆಲಸ ಬಂತು.

ಡಿಸೆಂಬರಿನಲ್ಲಿ ಈಶ್ವರ ಮುಗಳಖೋಡಕ್ಕೆ ಹೋದ. ತನ್ನ ಶೆಡ್ಡಿನಲ್ಲಿ ಒಣಗಿಸಿದ ಮಣೂಕದ ಒಂದು ಡಬ್ಬಿ ಒಯ್ದಿದ್ದ. ಕುರಿಗಾರರ ಓಣಿಯಲ್ಲಿ ಭೀಮಾಬಾಯಿ ಎಂಬ ಹೆಸರಿನವರು ಮೂವರಿದ್ದರು. ಬೀರದೇವನ ಹೆಂಡತಿ ಎಂದ ಮೇಲೆ ಮನೆ ಸಿಕ್ಕಿತು. ಬಾಗಿಲಿಗೆ ಬೀಗ. ಈ ವರ್ಷ ಮಗನ ಸಂಗಡ ಅವಳೂ ಕುರಿ ಹೊಡೆದುಕೊಂಡು ಹೋಗಿದ್ದಾಳೆ, ಯುಗಾದಿಯ ಸುಮಾರಿಗೆ ಬರುತ್ತಾರೆ ಎಂದು ಪಕ್ಕದ ಮನೆಯ ಅನುಸೂಯಾ ಹೇಳಿದಳು. ‘ಬ್ಯಾಡ ಅಂದ್ರೂ ಕೇಳಲಿಲ್ಲ ಮುದಕಿ. ಈ ವಯಸ್ಸಿನ್ಯಾಗ ಘಾಟಿಗೆ ಹೊಂಟ ನಿಂತಾಳ.’ ಡಬ್ಬಿಯನ್ನು ಅನುಸೂಯಾಳ ಕೈಗೆ ಕೊಟ್ಟು, ವಿಜಯಪುರದಲ್ಲಿ ಸಿಕ್ಕವನು ಬಂದಿದ್ದ ಎಂದು ಹೇಳಿ ಎಂದ. ಹೆಸರು, ಊರು, ನಂಬರು ಚೀಟಿಯಲ್ಲಿ ಬರೆದು ಕೊಟ್ಟ. ಯುಗಾದಿ ಬಂತು, ಹೋಯಿತು. ಫೋನ್ ಬರಲಿಲ್ಲ. ಮತ್ತೊಮ್ಮೆ ಹೋಗಿ ವಿಚಾರಿಸೋ ಎಂದು ನಾನು ಹೇಳಿದೆ. ಅವನು ಹೋಗಲಿಲ್ಲ. ‘ಬಂದಿಲ್ಲಂದ್ರ ಒಂದ ಥರಾ. ಬಂದೂ ಮರತಿದ್ರ?’ ಎಂದ.

ಆದರೆ ತಿರುಗಾಟ ಬಿಡಲಿಲ್ಲ. ವರ್ಷಕ್ಕೊಮ್ಮೆ, ಎರಡು ಸಲ, ಚೀಲ ಹೆಗಲಿಗೆ ಹಾಕಿ ಹೊರಡುತ್ತಾನೆ. ಕೊಲ್ಲಾಪುರದ ಹಳೆಯ ಅರಮನೆ ನೋಡಿ ಬಂದ. ಬೆಳಗಾವಿಯ ಕೋಟೆಯೊಳಗಿನ ಬಸದಿ ನೋಡಿ ಬಂದ. ಹೋದಲ್ಲೆಲ್ಲ ಕೌಂಟರಿನಲ್ಲಿ ‘ಒಂದ ಕೊಡ್ರಿ’ ಎನ್ನುತ್ತಾನೆ. ಶಾಲೆಯ ಮಕ್ಕಳಿಗೆ ವೀರಗಲ್ಲು ಎಂದರೇನು ಎಂದು ಪಾಠ ಬಂದಾಗ ನಾನು ಅವನನ್ನು ಕರೆದೆ. ಬಂದು ನಾಚುತ್ತ, ಕರಿಹಲಗೆಯ ಮೇಲೆ ಮೂರು ಅಂಕಣ ಬರೆದು, ಕೆಳಗಿನದು ಯುದ್ಧ, ನಡುವಿನದು ಸ್ವರ್ಗಕ್ಕೆ ಹೋಗುವುದು, ಮೇಲಿನದು ಶಿವನ ಹತ್ತಿರ ಕುಳಿತದ್ದು ಎಂದು ವಿವರಿಸಿದ. ನನಗಿಂತ ಚೆನ್ನಾಗಿ ಹೇಳಿದ.

ಈ ಸಲ ಶ್ರಾವಣದಲ್ಲಿ ಬದಾಮಿಗೆ ಹೊರಟ. ಅಲ್ಲಿಯ ವಸ್ತುಸಂಗ್ರಹಾಲಯದ ವಾರದ ರಜೆ ಯಾವಾಗ ಎಂದು ಫೋನಿನಲ್ಲಿ ನೋಡಿ ಹೇಳಿರೆಂದು ನನ್ನ ಹತ್ತಿರ ಬಂದಿದ್ದ. ನಾನು ನೋಡಿ ಹೇಳಿದೆ. ಅವನು ಹೋಗದೆ ನಿಂತ. ಕೊರಳಿನ ಟವೆಲ್ಲಿನ ಅಂಚನ್ನು ಎರಡು ಬಾರಿ ಮಡಚಿ ಬಿಚ್ಚಿದ.

‘ಮಾಸ್ತರ, ನೀವೂ ಬರ್ತೀರೇನ್ರಿ?’

ಅವನನ್ನು ಬಲ್ಲ ಹದಿನಾಲ್ಕು ವರ್ಷಗಳಲ್ಲಿ, ಭೀಮಾಬಾಯಿಯನ್ನು ಬಿಟ್ಟರೆ, ಅವನು ಯಾರನ್ನೂ ಎಲ್ಲಿಗೂ ಕರೆದದ್ದನ್ನು ನಾನು ಕೇಳಿಲ್ಲ. ‘ಶಾಲಿ ಐತಲ್ಲೋ ಈಶ್ವರಾ. ಮ್ಯಾಲಿನವ್ರ ಏನೋ ಮಾಹಿತಿ ಕೇಳ್ಯಾರ, ಅದನ್ನ ತಯಾರ ಮಾಡಬೇಕು,’ ಎಂದೆ.

‘ಹೌದ್ರಿ, ಹೌದ್ರಿ. ಸುಮ್ನ ಕೇಳ್ದೆ,’ ಎಂದು ಅವನು ಬೇಗ ಬೇಗ ಹೇಳಿ ಹೊರಟುಹೋದ.

ಅವನು ಹೊರಡುವ ದಿನ ಶಾಲೆಗೆ ರಜೆಯಿತ್ತು. ಮಾಹಿತಿಯನ್ನು ನಾನು ಹಿಂದಿನ ವಾರವೇ ಕಳಿಸಿಯಾಗಿತ್ತು. ಯಾಕೆ ಹಾಗೆಂದೆನೋ ನನಗೂ ತಿಳಿಯದು. ಎರಡು ದಿನ ಅವನ ಜೊತೆ ಏನು ಮಾತಾಡುವುದು ಎಂದು ಅನಿಸಿರಬೇಕು. ಆ ದಿನ ಬೆಳಿಗ್ಗೆ ಹಾಲು ತರಲು ಐಗಳಿ ಕ್ರಾಸಿಗೆ ಹೋದಾಗ ಅವನು ಅಲ್ಲಿ ನಿಂತಿದ್ದ. ಬಿಳಿ ಅಂಗಿ ಹಾಕಿದ್ದ. ನನ್ನನ್ನು ಅವನು ನೋಡಲಿಲ್ಲ, ನಾನು ಹಾಲಿನ ಅಂಗಡಿಯ ಮಗ್ಗುಲಿಗೆ ಸರಿದುಕೊಂಡೆ. ಬಸ್ಸು ಬಂತು. ಮುಂದಿನ ಬಾಗಿಲಲ್ಲಿ ಹೆಣ್ಣುಮಕ್ಕಳ ನೂಕಾಟ ಮುಗಿಯುವ ತನಕ ಕಾದು, ಅವನು ಹಿಂದಿನ ಬಾಗಿಲಿನಿಂದ ಹತ್ತಿದ.